ಭಾವನ ತೋಟದಲ್ಲಿ ಕೂಗಿದ ಯಂತ್ರ

ಬದಿಯಡ್ಕದ ಸಮೀಪದ ಅಡಿಕೆ ತೋಟದಲ್ಲಿ ಅಕ್ಕನ ಚಿನ್ನದ ಉಂಗುರ ಬಿದ್ದುಹೋದ ನಾಲ್ಕನೆಯ ದಿನ, ಎಲ್ಲಿಂದಲೋ ಎರವಲು ತಂದ ಮೆಟಲ್ ಡಿಟೆಕ್ಟರನ್ನು ಮುಂದಿಟ್ಟುಕೊಂಡು ಭಾವ, ಮೇಷ್ಟ್ರು ಮತ್ತು ನಾನು ಅಂಗಳದಲ್ಲಿ ಸೇರಿದ್ದೆವು. ಭಾವ ಗುಂಡಿ ಒತ್ತಿದ್ದೇ ತಡ, ಅದು ಕಂಬಳದ ಕೊಂಬಿನಂತೆ ಕೂಗತೊಡಗಿತು.

“ನಿಧಿಯೇ ಇರಬೇಕು” ಎಂದೆ.

“ನಿಧಿಯಲ್ಲ, ನಿಮ್ಮ ಭಾವನ ಸೊಂಟದ ಕತ್ತಿ” ಎಂದರು ಮೇಷ್ಟ್ರು. “1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ಮೈಹೊಕ್ಕ ಗುಂಡನ್ನು ಹುಡುಕಲು ಟೆಲಿಫೋನಿನ ಗ್ರಹಾಂ ಬೆಲ್ ಇಂಥದೇ ಉಪಕರಣ ಒಯ್ದಿದ್ದರು. ಹಾಸಿಗೆಯೊಳಗಿನ ಉಕ್ಕಿನ ತಂತಿಗಳೇ ಅದರ ದಾರಿ ತಪ್ಪಿಸಿದವು ಎನ್ನುತ್ತಾರೆ; ಗುಂಡು ಸಿಗಲೇ ಇಲ್ಲ. ಮೊದಲು ಕತ್ತಿ ಬಿಚ್ಚಿಡಿ.”

ಕತ್ತಿ ಇಳಿದರೂ ಕೂಗು ಇಳಿಯಲಿಲ್ಲ. ನಮ್ಮದು ಮುರಕಲ್ಲಿನ ನೆಲ. ಅದರ ಕೆಂಪೆಲ್ಲ ಕಬ್ಬಿಣದ್ದೇ. ಯಂತ್ರದ ಕೋಲಿನ ತುದಿಯ ತಟ್ಟೆಯನ್ನು ನೆಲದ ಮೇಲೆ ಎತ್ತಿ ಇಳಿಸುತ್ತ, ಮಣ್ಣಿನ ಸದ್ದು ಅಡಗುವವರೆಗೆ ಅದನ್ನು ಹೊಂದಿಸಿಕೊಳ್ಳಬೇಕೆಂದು ಮೇಷ್ಟ್ರು ತೋರಿಸಿಕೊಟ್ಟರು. ಅದಾದ ಮೇಲೆ ಭಾವ ಬೀಸಿದ ವೈಖರಿಯಲ್ಲಿ ತಟ್ಟೆ ಎರಡೂ ಬದಿಗೆ ಮೊಣಕಾಲಿನೆತ್ತರ ಏರುತ್ತಿತ್ತು.

“ಉಂಗುರ ಸೋಗೆಯಲ್ಲಿ ಸಿಕ್ಕಿಕೊಂಡಿದೆಯೇ? ನೆಲದಿಂದ ಎರಡು ಬೆರಳು ಬಿಟ್ಟು, ಅಂಗಳ ಗುಡಿಸಿದಂತೆ ನಿಧಾನವಾಗಿ, ಒಂದು ಬೀಸಿನ ಮೇಲೆ ಇನ್ನೊಂದು ಅರ್ಧ ಹಾಯುವಂತೆ ಬೀಸಬೇಕು.”

ಅರ್ಧ ಗಂಟೆಯಲ್ಲಿ ತೋಟ ಕೊಟ್ಟದ್ದು ಎರಡು ಮೊಳೆ, ಒಂದು ಸೋಡಾ ಮುಚ್ಚಳ, ಮಾತ್ರೆಯ ಒಂದು ಅಲ್ಯೂಮಿನಿಯಂ ಹಾಳೆ. ಹಾಳೆ ಕಂಡೊಡನೆ ಭಾವ ಅದನ್ನು ಜೇಬಿಗಿಳಿಸಿ, “ಇಂಥ ಕಸದ ಸದ್ದನ್ನು ಯಂತ್ರದಲ್ಲಿ ಬಂದ್ ಮಾಡಿಬಿಡೋಣ” ಎಂದರು. ಅಷ್ಟು ಅವಸರವೇಕೆಂದು ನನಗೆ ಆಗ ಹೊಳೆಯಲಿಲ್ಲ.

“ಕೂಡದು” ಎಂದರು ಮೇಷ್ಟ್ರು. “ತೆಳ್ಳಗಿನ ಚಿನ್ನದುಂಗುರವೂ ಇಂಥ ಹಾಳೆಯೂ ಯಂತ್ರದ ಕಿವಿಗೆ ಹೆಚ್ಚುಕಡಿಮೆ ಒಂದೇ, ಇದರ ಬಾಯಿ ಮುಚ್ಚಿಸಿದರೆ ಅದರ ಬಾಯಿಯೂ ಮುಚ್ಚುತ್ತದೆ. ಕೂಗಿದಲ್ಲೆಲ್ಲ ಅಗೆಯಲೇಬೇಕು.”

ಅಕ್ಕ ಮಜ್ಜಿಗೆ ತರುವುದಕ್ಕೂ ಬಾಳೆಯ ಬುಡದಲ್ಲಿ ಯಂತ್ರ ಕೂಗುವುದಕ್ಕೂ ಸರಿಹೋಯಿತು. ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಬೀಸಿ, ಸದ್ದು ಕೂಡಿದ ಜಾಗದಲ್ಲಿ ಅಗೆದಾಗ ಇನ್ನೊಂದು ಹಾಳೆ ಬಂತು. ಇದರಲ್ಲಿ ಒಂದು ಮಾತ್ರೆಯೂ ಒಡೆದಿರಲಿಲ್ಲ. ಅಕ್ಕ ಸೆರಗಿನಿಂದ ಮಣ್ಣೊರೆಸಿ, ಬಿಪಿಯ ಮಾತ್ರೆಗಳನ್ನು ಹತ್ತರವರೆಗೂ ಎಣಿಸಿದಳು.

“ಉಂಗುರ ನಿಧಾನಕ್ಕೆ ಸಿಗಲಿ ಮೇಷ್ಟ್ರೇ. ಈ ಬುಡದ ಸುತ್ತ ಇನ್ನೊಮ್ಮೆ ಬೀಸಿ ನೋಡಿ.”

ಭಾವ ಸದ್ದಿಲ್ಲದೆ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಯಂತ್ರದ ಪಕ್ಕಕ್ಕೆ ಬಂದು ನಿಂತರು.