ಎಪಿಪಿಯೂ ಬೇಸ್-1 ಕಿಣ್ವವೂ ಒಂದೇ ನರಕೋಶದಲ್ಲಿರುವಾಗ ಎಲ್ಲ ಎಪಿಪಿಯೂ ಏಕೆ ತುಂಡಾಗುವುದಿಲ್ಲ?

ಪ್ರಶ್ನೆ: ಉಪನ್ಯಾಸಕಿ, ಜಯನಗರ

ಅಂತಿಮ ಬಿ.ಎಸ್ಸಿ. ತರಗತಿಯಲ್ಲಿ ಆಲ್ಝೈಮರ್ ಕಾಯಿಲೆಯ ಪಾಠ ಮಾಡುವಾಗ, ಬೋರ್ಡಿನ ಮೇಲೆ ಎರಡು ಗೆರೆಗಳಲ್ಲಿ ಕೋಶದ ಪೊರೆ ಎಳೆದು, ಅದನ್ನು ಹಾದುಹೋಗುವಂತೆ ಎಪಿಪಿ (ಅಮೈಲಾಯ್ಡ್ ಪ್ರಿಕರ್ಸರ್ ಪ್ರೋಟೀನ್) ಎಂಬ ಪ್ರೋಟೀನನ್ನು ಬರೆದು, ಮೊದಲು ಬೇಸ್-1, ಆಮೇಲೆ ಗಾಮಾ ಸೆಕ್ರೆಟೇಸ್ ಎಂಬ ಇನ್ನೊಂದು ಕಿಣ್ವ ಅದನ್ನು ಕತ್ತರಿಸಿದಾಗ, ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಶೇಖರವಾಗುವ ಬೀಟಾ ಅಮೈಲಾಯ್ಡ್ ಎಂಬ ತುಣುಕು ಹುಟ್ಟುತ್ತದೆ ಎಂದು ವಿವರಿಸಿದೆ. ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು, "ಮೇಡಂ, ಕತ್ತರಿ ಅಲ್ಲೇ ಇದೆಯಲ್ಲ, ಹಾಗಾದರೆ ಎಲ್ಲ ಎಪಿಪಿಯೂ ತುಂಡಾಗಬೇಕಲ್ಲವೇ?" ಎಂದು ಕೇಳಿದಳು. ನಮ್ಮ ಪಠ್ಯದಲ್ಲಿ ಇದಕ್ಕೆ ಉತ್ತರ ಸಿಗಲಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಸಂಶೋಧನಾ ವಿದ್ಯಾರ್ಥಿ, ಯಲಹಂಕ

ನಿಮ್ಮ ವಿದ್ಯಾರ್ಥಿನಿ ವಿಷಯದ ತಿರುಳಿಗೇ ಕೈ ಹಾಕಿದ್ದಾಳೆ. ಬೋರ್ಡಿನ ಚಿತ್ರದಲ್ಲಿ ಅಕ್ಕಪಕ್ಕ ಕಾಣುವ ಈ ಎರಡು ಪ್ರೋಟೀನುಗಳು ಕೋಶದೊಳಗೆ ಬಹುಪಾಲು ಬೇರೆ ಬೇರೆ ಪೊರೆಚೀಲಗಳಲ್ಲಿ ಓಡಾಡುತ್ತಿರುತ್ತವೆ. ತಟ್ಟೆಯಲ್ಲಿ ಬೆಳೆಸಿದ ನರಕೋಶದಲ್ಲಿ ಎಪಿಪಿಗೆ ಹಸಿರು, ಬೇಸ್-1ಕ್ಕೆ ಕೆಂಪು ಬಣ್ಣ ಬರುವಂತೆ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಡೆಂಡ್ರೈಟುಗಳ (ನರಕೋಶದ ಕವಲುಗಳ) ಉದ್ದಕ್ಕೂ ಹಸಿರು ಚುಕ್ಕಿಗಳೂ ಕೆಂಪು ಚುಕ್ಕಿಗಳೂ ತಮ್ಮ ಪಾಡಿಗೆ ತಾವು ಇರುತ್ತವೆ. ಎರಡೂ ಬೆರೆತು ಹಳದಿಯಾಗುವುದು ಕೆಲವೆಡೆ ಮಾತ್ರ.

ಸ್ಥಳದಷ್ಟೇ ಆಮ್ಲೀಯತೆಯೂ ಮುಖ್ಯ. ಬೇಸ್-1 ಚೆನ್ನಾಗಿ ಕೆಲಸ ಮಾಡುವುದು ಪಿಎಚ್ 4.5ರ ಆಸುಪಾಸಿನ ಆಮ್ಲೀಯ ವಾತಾವರಣದಲ್ಲಿ. ಕೋಶದ ಹೊರಮೈಯಲ್ಲಿ ಆ ವಾತಾವರಣವಿಲ್ಲ. ಅಲ್ಲಿ ಆಡಮ್-10 ಎಂಬ ಇನ್ನೊಂದು ಕಿಣ್ವ ಅಮೈಲಾಯ್ಡ್ ಭಾಗದ ನಡುವೆಯೇ ಎಪಿಪಿಯನ್ನು ಕತ್ತರಿಸುವುದರಿಂದ ಅಮೈಲಾಯ್ಡ್ ಹುಟ್ಟುವ ದಾರಿಯೇ ಮುಚ್ಚಿಹೋಗುತ್ತದೆ. ಹಾಗೆ ತುಂಡಾಗದೆ ಉಳಿದ ಎಪಿಪಿಯನ್ನು ಕ್ಲಾಥ್ರಿನ್ ಎಂಬ ಪ್ರೋಟೀನಿನ ಸಹಾಯದಿಂದ ಕೋಶವು ಒಳಕ್ಕೆ ಎಳೆದುಕೊಂಡು ಎಂಡೋಸೋಮ್ ಎಂಬ ಆಮ್ಲೀಯವಾದ ಒಳಚೀಲಕ್ಕೆ ಸೇರಿಸಿದಾಗ ಬೇಸ್-1 ಅದಕ್ಕೆ ಎದುರಾಗುತ್ತದೆ. ನರಕೋಶದ ಚಟುವಟಿಕೆ ಹೆಚ್ಚಿದಾಗ ಈ ಭೇಟಿಯೂ ಹೆಚ್ಚುತ್ತದೆ ಎಂದು 2013ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ.

ಉತ್ತರ 2: ನಿವೃತ್ತ ಜೀವರಸಾಯನ ಪ್ರಾಧ್ಯಾಪಕ, ಮಲ್ಲೇಶ್ವರ

ಮೇಲಿನ ಉತ್ತರ ಸರಿಯಾಗಿದೆ. ಆದರೆ ಎಪಿಪಿಯನ್ನು ಯಾವ ದಾರಿಗೆ ಹಚ್ಚಬೇಕೆಂದು ನಿರ್ಧರಿಸುವ ಪ್ರೋಟೀನುಗಳ ಬಗ್ಗೆಯೂ ಹೇಳಬೇಕು. ಕೋಶದ ಒಳಗೆ ಚಾಚಿರುವ ಎಪಿಪಿಯ ಬಾಲದಲ್ಲಿ 47 ಅಮೈನೋ ಆಮ್ಲಗಳಷ್ಟೇ ಇದ್ದರೂ, ಅದಕ್ಕೆ ಮಿಂಟ್, ಫೆ-65 ಮೊದಲಾದ ಅನೇಕ ಪ್ರೋಟೀನುಗಳು ಬಂದು ಅಂಟಿಕೊಳ್ಳುತ್ತವೆ. ಮಿಂಟ್ ಇಲ್ಲದ ಇಲಿಗಳಲ್ಲಿ ಅಮೈಲಾಯ್ಡ್ ಕಡಿಮೆಯಾಯಿತು ಎಂಬ ವರದಿಯೂ ಇದೆ, ಹೆಚ್ಚಾಯಿತು ಎಂಬ ವರದಿಯೂ ಇದೆ. ಆದ್ದರಿಂದ ಮಿಂಟ್ ಬಗ್ಗೆ ತರಗತಿಯಲ್ಲಿ ಖಚಿತವಾಗಿ ಏನನ್ನೂ ಹೇಳದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಸಾರ್ಲ್-ಎ ಪ್ರೋಟೀನಿನ ವಿಷಯ ಇದಕ್ಕಿಂತ ಸ್ಪಷ್ಟ: ಅದು ಎಪಿಪಿಯನ್ನು ಹಿಡಿದು ಬೇಸ್-1 ಎದುರಾಗುವ ಎಂಡೋಸೋಮಿನಿಂದ, ಪ್ರೋಟೀನುಗಳನ್ನು ವಿಂಗಡಿಸುವ ಗಾಲ್ಗಿಯ ಕಡೆಗೆ ಹಿಂದಿರುಗಿಸುತ್ತದೆ, ಮತ್ತು ಅದರ ಜೀನು ಕೆಟ್ಟವರಲ್ಲಿ ಕಾಯಿಲೆಯ ಅಪಾಯ ಹೆಚ್ಚು.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಕೃತಜ್ಞತೆಗಳು. ಹಾಗಿದ್ದರೆ ಬೇಸ್-1 ಕಿಣ್ವವನ್ನೇ ಔಷಧಿಯಿಂದ ತಡೆದರೆ ಸಾಲದೇ?

ಉತ್ತರ 3: ಸಂಶೋಧನಾ ವಿದ್ಯಾರ್ಥಿ, ಯಲಹಂಕ

ಆ ಪ್ರಯತ್ನ ನಡೆದಿದೆ, ಮೇಡಂ. ವೆರುಬೆಸೆಸ್ಟಾಟ್ ಎಂಬ ಔಷಧಿ ರೋಗಿಗಳಲ್ಲಿ ಅಮೈಲಾಯ್ಡನ್ನು ಇಳಿಸಿತು. ಆದರೆ ನೆನಪಿನ ಶಕ್ತಿ ಸುಧಾರಿಸಲಿಲ್ಲ, ಆರಂಭದ ಹಂತದಲ್ಲಿದ್ದವರಲ್ಲಿ ಕೆಲವು ಪರೀಕ್ಷೆಗಳ ಅಂಕಗಳು ಇನ್ನಷ್ಟು ಕುಸಿದವು, 2018ರ ಹೊತ್ತಿಗೆ ಪ್ರಯೋಗಗಳನ್ನು ನಿಲ್ಲಿಸಲಾಯಿತು. ಬೇಸ್-1 ಕತ್ತರಿಸುವುದು ಎಪಿಪಿಯೊಂದನ್ನೇ ಅಲ್ಲ. ನರತಂತುಗಳ ಹೊದಿಕೆಗೆ ಬೇಕಾದ ನ್ಯೂರೆಗುಲಿನ್ ಎಂಬ ಪ್ರೋಟೀನು ಕೂಡ ಅದರಿಂದಲೇ ಕತ್ತರಿಸಲ್ಪಡಬೇಕು. ಕಿಣ್ವವನ್ನು ಕಟ್ಟಿಹಾಕುವ ಬದಲು ಎಪಿಪಿಯ ಜೊತೆ ಅದರ ಭೇಟಿಯನ್ನಷ್ಟೇ ತಗ್ಗಿಸುವ ದಾರಿ ಹುಡುಕಬೇಕೆಂದು ನಾನು ನಂಬುವುದು ಈ ಕಾರಣಕ್ಕೆ. ಇದಕ್ಕೆ ಪ್ರಕೃತಿಯಲ್ಲೇ ಒಂದು ಹತ್ತಿರದ ಉದಾಹರಣೆಯಿದೆ: ಐಸ್‌ಲ್ಯಾಂಡಿನ ಕೆಲವರಲ್ಲಿ, ಬೇಸ್-1 ಕತ್ತರಿಸುವ ಜಾಗದ ಪಕ್ಕದಲ್ಲಿ ಎಪಿಪಿಯ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುವುದು 2012ರಲ್ಲಿ ವರದಿಯಾಯಿತು. ಕೋಶಗಳಲ್ಲಿ ಪರೀಕ್ಷಿಸಿದಾಗ ಆ ಬದಲಾವಣೆಯಿಂದ ಅಮೈಲಾಯ್ಡ್ ಸುಮಾರು 40 ಶೇಕಡದಷ್ಟು ಕಡಿಮೆಯಾಗಿತ್ತು, ಮತ್ತು ಅದನ್ನು ಹೊತ್ತವರಿಗೆ ಆಲ್ಝೈಮರ್ ಬರುವುದು ತೀರ ಅಪರೂಪ.