ಫಾರ್ಮಲ್ ಶೂ ಸೋಲ್ ಪುಡಿಯಾಗ್ತಿದೆ, ರಿಪೇರಿ ಮಾಡ್ಸೋದಾ ಹೊಸದಾ?

ಮಡಿಕೇರಿಮಳೆ: ಎರಡೂವರೆ ಸಾವಿರದೊಳಗಿನ ಕಪ್ಪು ಲೆದರ್ ಶೂ, ಮದುವೆಗಳಿಗೆ ಅಂತಾನೇ ಇಟ್ಟಿದ್ದು, ಮಳೆಗಾಲ ಪೂರ್ತಿ ಬಾಕ್ಸಲ್ಲಿತ್ತು, ಈಗ ತೆಗೆದ್ರೆ ಮೇಲೆಲ್ಲಾ ಹೊಸದರ ಥರ ಇದೆ ಆದ್ರೆ ಸೋಲ್ ಉದುರ್ತಿದೆ. ಅಂಟು ಹಾಕ್ಸಿದ್ರೆ ನಿಲ್ಲುತ್ತಾ? ಕುಪ್ಯಕ್ಕೆ (ನಮ್ಮ ಕೊಡವ ಉದ್ದ ಕೋಟು) ಚಪ್ಪಲಿ ಹಾಕೋಕಾಗಲ್ಲ ನೋಡಿ.

ತೋಟದಮನೆ: ಪುಡಿಯಾಗ್ತಿದೆ ಅಂದ್ರೆ ಅದು ಪಿಯು ಸೋಲ್, ಪಾಲಿಯುರೆಥೇನ್. ಗಾಳಿಲಿರೋ ತೇವ ಅದನ್ನ ಒಳಗಿಂದಾನೇ ಒಡೀತಾ ಹೋಗತ್ತೆ, ನೀವು ಹಾಕಿದ್ರೂ ಹಾಕದಿದ್ರೂ, ನಮ್ಮ ಜುಲೈ ಥಂಡಿ ಕೇಳ್ಬೇಕಾ. ಅಂಟು ಹಾಕ್ಸೋದು ದುಡ್ಡು ದಂಡ, ಹಿಡ್ಕೊಳೋಕೆ ಅಲ್ಲಿ ಗಟ್ಟಿ ಜಾಗಾನೇ ಇರಲ್ಲ. ಪೂರ್ತಿ ಕಿತ್ತು ರಬ್ಬರ್ ಸೋಲ್ ಹಾಕ್ಸಿ, ಅಂಟಿನ ಜೊತೆ ಸುತ್ತ ಹೊಲಿಗೆನೂ ಹೊಡೆಸಿ.

ವಿರಾಜಪೇಟೆ೭೧: ಅಣ್ಣ ಹೇಳಿದ್ದು ಸರಿ, ಆದ್ರೆ ಮೇಲಿಂದು ನಿಜವಾದ ಲೆದರ್ ಆದ್ರೆ ಮಾತ್ರ. ರೆಕ್ಸಿನ್ ಆದ್ರೆ ಬಿಟ್ಬಿಡಿ, ಮಡಚೋ ಕಡೆ ಬಿರುಕು ಬಿಡೋದು ಗ್ಯಾರಂಟಿ. ಮುಂದಿನ ಸಲ ತಗೊಳೋವಾಗ ರಬ್ಬರ್ ಅಥವಾ ಟಿಪಿಆರ್ (ರಬ್ಬರ್ ಥರದ ಪ್ಲಾಸ್ಟಿಕ್) ಸೋಲ್ ಕೇಳಿ ತಗೊಳಿ, ಹಿಮ್ಮಡಿ ಸವೆಯೋಕೆ ಶುರುವಾದಾಗ್ಲೇ ಹೀಲ್ ಪೀಸ್ ಬದಲಾಯಿಸಿದ್ರೆ ಕಮ್ಮಿ ಖರ್ಚಲ್ಲಿ ಮುಗಿಯತ್ತೆ. ಗುಡ್‌ಇಯರ್ ವೆಲ್ಟ್ ಶೂ, ಅಂದ್ರೆ ಸುತ್ತ ಪಟ್ಟಿ ಇಟ್ಟು ಸೋಲ್ ಹೊಲಿದಿರೋದು, ಮತ್ತೆ ಮತ್ತೆ ಸೋಲ್ ಬದಲಿಸೋಕೆ ಬೆಸ್ಟ್, ಆದ್ರೆ ವರ್ಷಕ್ಕೆ ಐದಾರು ಮದುವೆಗೆ ಅಷ್ಟು ದುಡ್ಡು ಯಾಕೆ.

ಕಾಫಿಹೂ: ಬಾಕ್ಸಲ್ಲಿ ಮುಚ್ಚಿಡ್ಬೇಡಿ ಮಾರಾಯ್ರೆ, ಬೂಷ್ಟು ಬರತ್ತೆ. ನ್ಯೂಸ್‌ಪೇಪರ್ ತುಂಬಿ ಗಾಳಿ ಆಡೋ ಕಡೆ ಇಡಿ. ಒದ್ದೆ ಆದ್ರೆ ಒಲೆ ಹತ್ರ ಮಾತ್ರ ಬೇಡ, ಲೆದರ್ ಸೆಟೆದು ಹೋಗತ್ತೆ.

ಮಡಿಕೇರಿಮಳೆ: ಲೆದರೇ ಇದು. ಸೋಮವಾರ ಸೋಲ್ ಹಾಕ್ಸೋಕೆ ಕೊಡ್ತೀನಿ.