ಗುಳ್ಳೆ ನಿಂತಿದೆ, ಕೈಪಿಡಿ ‘ಬಾಟಲಿಗೆ ತುಂಬಿ’ ಅನ್ನುತ್ತಿದೆ. ನಂಬಲಾ?

ಹೊಸಬಕೆಟ್:
ಮನೆಯಲ್ಲಿ ಬಿಯರ್ ಮಾಡ್ತಿರೋದು ಇದೇ ಮೊದಲು. ಹಾಪ್ಸ್ (ಕಹಿ ಕೊಡೋ ಹೂವು) ಸೇರಿಸಿದ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ) ಪಾಕದ ಡಬ್ಬಿ, ಅದರ ಮುಚ್ಚಳದಡಿ ಇದ್ದ ಯೀಸ್ಟ್ ಪೊಟ್ಟಣ, ಒಟ್ಟು 20 ಲೀಟರ್. ಶುರುವಿನಲ್ಲಿ ಗ್ರಾವಿಟಿ (ನೀರನ್ನು 1.000 ಅಂತಿಟ್ಟುಕೊಂಡ ಸಾಂದ್ರತೆ, ಯೀಸ್ಟ್ ಸಕ್ಕರೆ ತಿಂದಂತೆ ಇಳಿಯುತ್ತೆ) 1.048 ಇತ್ತು. ಈಗ ಏರ್‌ಲಾಕಿನಲ್ಲಿ ಗುಳ್ಳೆ ಪೂರ್ತಿ ನಿಂತಿದೆ, ಗ್ರಾವಿಟಿ ಅಳೆಯೋ ಹೈಡ್ರೋಮೀಟರ್ 1.020 ತೋರಿಸ್ತಿದೆ.

ಡಬ್ಬಿಯ ಚೀಟಿ ಪ್ರಕಾರ 18ರಿಂದ 28 ಡಿಗ್ರಿಯಲ್ಲಿಟ್ಟರೆ ವಾರದೊಳಗೆ ಗುಳ್ಳೆ ನಿಲ್ಲುತ್ತೆ, ಆಗ ಬಾಟಲಿಗೊಂದು ಚಮಚ ಸಕ್ಕರೆ ಹಾಕಿ ತುಂಬಬೇಕು. ಇನ್ನೊಂದು ಕೈಪಿಡಿ, ವಾರ ಆದ ತಕ್ಷಣ ಎರಡನೇ ಪಾತ್ರೆಗೆ ದಾಟಿಸಲೇಬೇಕು, ಇಲ್ಲದಿದ್ದರೆ ಸತ್ತ ಯೀಸ್ಟ್ ರುಚಿ ಕೆಡಿಸುತ್ತೆ ಅನ್ನುತ್ತೆ. ಮೂರನೆಯದರ ಪ್ರಕಾರ ಎರಡನೇ ಪಾತ್ರೆಯೇ ದಂಡ, ಮೂರು ವಾರ ಬಕೆಟ್ ಮುಟ್ಟಬಾರದು. ಬಾಟಲಿ ತೊಳೆಯೋಕೆ ಬ್ಲೀಚಿಗೆ ವಿನೆಗರ್ ಬೆರೆಸಿ ಅಂತಲೂ ಅದರಲ್ಲೇ ಇದೆ. ಮೂರೂ ‘ಹೊಸಬರಿಗಾಗಿ’ ಬರೆದವು. ಯಾರ ಮಾತು ಕೇಳಲಿ?

ಕಹಿಹೂವು:
ತುಂಬಬೇಡಿ. ಕಾರಣ ಹೇಳ್ತೀನಿ, ಅದಕ್ಕೂ ಮೊದಲು ಆ ಬ್ಲೀಚ್. ಬ್ಲೀಚಿಗೆ ವಿನೆಗರ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತೆ, ಮುಚ್ಚಿದ ಬಚ್ಚಲಲ್ಲಿ ಅದು ಶ್ವಾಸಕೋಶಕ್ಕೇ ಕುತ್ತು. ಹೊಸಬರಿಗೆ ಇದನ್ನು ಬೆರೆಸಿ ಅಂತ ಬರೆದ ಪುಣ್ಯಾತ್ಮನ ಉಳಿದ ಪುಟ ಓದಲೇಬೇಕಿಲ್ಲ. ಗಸಿ ಕಾಣದಂತೆ ಉಜ್ಜಿ ತೊಳೆದ ಬಾಟಲಿಗೆ 12.5 ಪಿಪಿಎಂ ಅಯೋಡೋಫೋರ್ (ಅಯೋಡಿನ್ ಇರೋ ಸೋಂಕುನಾಶಕ) ಒಂದೆರಡು ನಿಮಿಷ ಸಾಕು. ಆ ಪ್ರಮಾಣದಲ್ಲಿ ಮತ್ತೆ ನೀರಲ್ಲಿ ಜಾಲಾಡಬೇಕಿಲ್ಲ, ಬಸಿದರೆ ಆಯ್ತು.

ಈಗ ಗುಳ್ಳೆ. ಏರ್‌ಲಾಕ್ ಇರೋದು ಒಳಗಿನ ಅನಿಲ ಹೊರಗೆ ಬಿಟ್ಟು ಹೊರಗಿನ ಗಾಳಿ ತಡೆಯೋಕೆ. ಮುಚ್ಚಳ ಚೂರು ಸಡಿಲ ಇದ್ದರೂ ಅನಿಲ ಪಕ್ಕದಲ್ಲೇ ಜಾರುತ್ತೆ, ಹುದುಗು ಜೋರಾಗಿದ್ದರೂ ಒಂದು ಗುಳ್ಳೆ ಕಾಣಲ್ಲ. ಎಲ್ಲಾ ಮುಗಿದ ಮೇಲೆ ಕೋಣೆ ಬೆಚ್ಚಗಾದರೆ ಕರಗಿ ಕೂತಿದ್ದ ಕಾರ್ಬನ್ ಡೈಆಕ್ಸೈಡ್ ಎದ್ದು ಮತ್ತೆ ಗುಳುಗುಳು. ಹಾಗಾಗಿ ಅದರಿಂದ ಯಾವ ತೀರ್ಮಾನಕ್ಕೂ ಬರೋಕಾಗಲ್ಲ.

ನಿಮ್ಮ ಹತ್ತಿರ ಅದಕ್ಕಿಂತ ಒಳ್ಳೆ ಸಾಕ್ಷಿ ಇದೆಯಲ್ಲ, 1.020. 1.048ರಿಂದ ಅಲ್ಲಿಗೆ ಇಳಿದಿದೆ ಅಂದರೆ ಯೀಸ್ಟ್ ಶೇ. 58ರಷ್ಟು ಕೆಲಸ ಮಾಡಿದೆ. ಸಾಮಾನ್ಯ ಏಲ್ (ಬೆಚ್ಚಗೆ ಹುದುಗಿಸೋ ಬಿಯರ್) ಯೀಸ್ಟ್ ಶೇ. 70ರಿಂದ 80ರವರೆಗೆ ಹೋಗುತ್ತೆ, ಅಂದರೆ 1.014ರಿಂದ 1.010. ನಿಮ್ಮದು 1.012ಕ್ಕೆ ಇಳಿಯಬೇಕಾದದ್ದು ಅಂತಿಟ್ಟುಕೊಳ್ಳಿ. ಇನ್ನೂ 8 ಅಂಕ (ಅಂದರೆ 0.008) ಬಾಕಿ. ಪ್ರತಿ 2 ಅಂಕಕ್ಕೆ ಹೆಚ್ಚುಕಮ್ಮಿ ಒಂದು ‘ವಾಲ್ಯೂಮ್’ ಅನಿಲ, ಅಂದರೆ ಒಂದು ಲೀಟರ್ ಬಿಯರಿನಲ್ಲಿ ಒಂದು ಲೀಟರ್ ಅನಿಲ. ಅಲ್ಲಿಗೆ ನಾಲ್ಕಾಯ್ತು. ಪ್ರೈಮಿಂಗ್ ಸಕ್ಕರೆಯದೂ (ಗುಳ್ಳೆ ಬರಲಿ ಅಂತ ತುಂಬೋವಾಗ ಹಾಕೋದು) ಮೊದಲೇ ಕರಗಿರೋದೂ ಸೇರಿ ಇನ್ನೊಂದು ಎರಡೂವರೆ. ಒಟ್ಟು ಆರೂವರೆ. ಮಾಮೂಲಿ ಬಿಯರ್ ಬಾಟಲಿಗೆ ಮೂರರ ಮೇಲೆ ಹೋದರೇ ಭಯ. ಶಾಂಪೇನ್ ಬಾಟಲಿಯ ಗಾಜು ಅಷ್ಟು ದಪ್ಪ ಇರೋದು ಸುಮ್ಮನೆ ಅಲ್ಲ. ಒಂದು ಬಾಟಲಿ ಒಡೆದರೆ ಅದರ ಚೂರು ಪಕ್ಕದ್ದನ್ನೂ ಒಡೆಯುತ್ತೆ.

ಹಾಗಂತ 1.020ರಲ್ಲಿ ನಿಜವಾಗಿಯೂ ಮುಗಿದಿರಬಾರದು ಅಂತೇನಿಲ್ಲ. ಡಬ್ಬಿ ಪಾಕದಲ್ಲಿ ಯೀಸ್ಟಿಗೆ ದಕ್ಕದ ಸಕ್ಕರೆ ಜಾಸ್ತಿ ಇದ್ದರೆ ಅಲ್ಲೇ ನಿಲ್ಲೋದುಂಟು. ಗೊತ್ತು ಮಾಡಿಕೊಳ್ಳೋಕೆ ಒಂದು ಲೋಟ ಬಿಯರ್ ಬೇರೆ ತೆಗೆದು, ಧಾರಾಳವಾಗಿ ಯೀಸ್ಟ್ ಹಾಕಿ (ಬ್ರೆಡ್ಡಿನದಾದರೂ ಸರಿ), 25 ಡಿಗ್ರಿ ಆಸುಪಾಸಿನ ಜಾಗದಲ್ಲಿಟ್ಟು ಆಗಾಗ ಕುಲುಕಿ. ಒಂದೆರಡು ದಿನದಲ್ಲಿ ಲೋಟದ್ದು ಇಳಿದರೆ ಬಕೆಟ್ಟಿನಲ್ಲಿ ಸಕ್ಕರೆ ಉಳಿದಿದೆ, ಯೀಸ್ಟ್ ಮಲಗಿದೆ. ಇಳಿಯದಿದ್ದರೆ ಪಾಕವೇ ಅಂಥದ್ದು.

ಅಳೆಯೋ ಮುಂಚೆ ಹೈಡ್ರೋಮೀಟರನ್ನು 20 ಡಿಗ್ರಿಯ ಡಿಸ್ಟಿಲ್ಡ್ ನೀರಲ್ಲಿ ತೇಲಿಸಿ 1.000 ಬರುತ್ತಾ ನೋಡಿ. (ಕೆಲವು 15.6 ಡಿಗ್ರಿಗೆ ಹೊಂದಿಸಿದವು ಇರುತ್ತವೆ, ಒಳಗಿನ ಕಾಗದದಲ್ಲೇ ಬರೆದಿರುತ್ತೆ.) ಬಿಯರಲ್ಲಿ ಬಿಟ್ಟಾಗ ಒಮ್ಮೆ ತಿರುಗಿಸಿ, ಮೈಗೆ ಗುಳ್ಳೆ ಅಂಟಿದ್ದರೆ ಅವು ಮೇಲಕ್ಕೆತ್ತಿ ಓದು ಹೆಚ್ಚು ತೋರಿಸುತ್ತೆ.

ಮೂರು ಕೈಪಿಡಿಗಳ ಬಗ್ಗೆ ನನ್ನ ಅಭಿಪ್ರಾಯ ಕೇಳೋದಾದರೆ: ಚೀಟಿ ಬರೆದವನಿಗೆ ನಿಮ್ಮ ಕೋಣೆಯ ಬಿಸಿ ಗೊತ್ತಿಲ್ಲ, ಯೀಸ್ಟ್ ಪೊಟ್ಟಣ ಎಷ್ಟು ಹಳೇದು ಅಂತಲೂ ಗೊತ್ತಿಲ್ಲ. ಅಂಗೈಯಗಲ ಕಾಗದದಲ್ಲಿ ಮುಗಿಸಬೇಕು, ಅದಕ್ಕೆ ದಿನದ ಲೆಕ್ಕ ಕೊಟ್ಟು ಕೈತೊಳೆದುಕೊಂಡಿದ್ದಾನೆ. ಮಿಕ್ಕವರು ಅದನ್ನೇ ನಕಲು ಮಾಡ್ತಾರೆ. ನಾನು ಹೊಸ ಕೈಪಿಡಿ ಸಿಕ್ಕರೆ ಮೊದಲು ಬಾಟಲಿ ತುಂಬೋ ಅಧ್ಯಾಯ ತೆಗೀತೀನಿ. ಅಲ್ಲಿ ಹೈಡ್ರೋಮೀಟರ್ ಹೆಸರೇ ಇಲ್ಲದಿದ್ದರೆ ಮುಚ್ಚಿಡ್ತೀನಿ.

ಗಸಿ:
ಮೇಲಿನದಕ್ಕೆ ಒಂದು ಸೇರಿಸ್ತೀನಿ. 18ರಿಂದ 28 ಅನ್ನೋದು ಯೀಸ್ಟ್ ಬದುಕೋ ವ್ಯಾಪ್ತಿ. ಬಿಯರ್ ಚೆನ್ನಾಗಿ ಬರೋದು ಬಹುಪಾಲು ಏಲ್ ಯೀಸ್ಟಿಗೆ 18–20ರಲ್ಲಿ. ಅದೂ ಕೋಣೆಯ ಗಾಳಿಯ ಲೆಕ್ಕ ಅಲ್ಲ, ಬಕೆಟ್ಟಿನೊಳಗಿನದು. ಹುದುಗು ಜೋರಾಗಿರುವಾಗ ಒಳಗೆ ಮೂರರಿಂದ ಐದು ಡಿಗ್ರಿ ಹೆಚ್ಚೇ ಇರಬಹುದು. ಆ ಹಂತ ತಣ್ಣಗಾದ ಮೇಲೆ ಬಕೆಟ್ಟೂ ತಣ್ಣಗಾಗುತ್ತೆ, ಯೀಸ್ಟ್ ಕೆಲಸ ಬಿಟ್ಟು ತಳ ಸೇರುತ್ತೆ. ನಿಮ್ಮ ಬಕೆಟ್ ಎಲ್ಲಿದೆ?

ಎರಡನೇ ಪಾತ್ರೆ ಬೇಡ. ಸತ್ತ ಯೀಸ್ಟಿನ ಭಯ ಕಾರ್ಖಾನೆಯ ಎತ್ತರದ ತೊಟ್ಟಿಗಳಲ್ಲಿ ನಿಜ, ಅಲ್ಲಿ ತಳದ ಗಸಿಯ ಮೇಲೆ ಒತ್ತಡವೂ ಬಿಸಿಯೂ ಜಾಸ್ತಿ. 20 ಲೀಟರ್ ಬಕೆಟ್ಟಿನಲ್ಲಿ ಕೆಲವು ವಾರಕ್ಕೆ ಏನೂ ಆಗಲ್ಲ. ದಾಟಿಸೋವಾಗ ಸೇರೋ ಆಮ್ಲಜನಕವೇ ಹೆಚ್ಚು ಕೆಡಿಸುತ್ತೆ, ಒದ್ದೆ ರಟ್ಟಿನ ರುಚಿ. ಅಲ್ಲದೆ ನಿಮ್ಮದು ಇನ್ನೂ ಮುಗಿದಿಲ್ಲ, ಈಗ ಯೀಸ್ಟಿನಿಂದ ಬೇರೆ ಮಾಡಿದರೆ ಮುಗಿಸೋರು ಯಾರು?

ನೊರೆಮೀಸೆ:
ಇಷ್ಟೆಲ್ಲ ಹೆದರಿಸಿದರೆ ಹೊಸಬರು ಓಡಿಹೋಗ್ತಾರೆ ಮಾರಾಯ್ರೆ. ನಾನು ಚೀಟಿ ನೋಡಿಯೇ ಮಾಡೋದು, ಬಾಟಲಿಗೊಂದು ಚಮಚ, ಇವತ್ತಿನವರೆಗೆ ಒಂದೂ ಒಡೆದಿಲ್ಲ.

ಕಹಿಹೂವು:
@ನೊರೆಮೀಸೆ ಯಾವ ಬಾಟಲಿ, ಯಾವ ಚಮಚ? ಮಟ್ಟಸ ಟೀ ಚಮಚ ಅಂದರೆ ಸುಮಾರು 4 ಗ್ರಾಂ. 650 ಮಿಲಿಲೀಟರ್ ಬಾಟಲಿಗೆ ಅದು ಸರಿಯಾಗಿ ಹೊಂದುತ್ತೆ, ನಿಮ್ಮದು ದೊಡ್ಡ ಬಾಟಲಿ ಇರಬೇಕು. ಅದೇ ಚಮಚ 330ಕ್ಕೆ ಬಿದ್ದರೆ ಲೀಟರಿಗೆ 12 ಗ್ರಾಂ ಆಯ್ತು, ಹುದುಗು ಪೂರ್ತಿ ಮುಗಿದಿದ್ದರೂ ನಾಲ್ಕು ವಾಲ್ಯೂಮಿನ ಹತ್ತಿರ. ಚೀಟಿಯಲ್ಲಿ ಬಾಟಲಿಯ ಅಳತೆ ಬರೆಯೋಕೆ ಒಂದು ಸಾಲು ಜಾಗ ಇರಲಿಲ್ವಾ?

ನೊರೆಮೀಸೆ:
650ರದ್ದೇ. ಸರಿ ಬಿಡಿ.

ಹೊಸಬಕೆಟ್:
ಲೋಟದ ಪರೀಕ್ಷೆ ಮಾಡಿದೆ, 1.013ಕ್ಕೆ ಇಳೀತು! ಬಕೆಟ್ ಇದ್ದದ್ದು ಕಲ್ಲಿನ ನೆಲದ ಮೇಲೆ, ಮುಟ್ಟಿದರೆ ತಣ್ಣಗಿತ್ತು. ಹಲಗೆ ಮೇಲೆ ಎತ್ತಿಟ್ಟು, ಕಂಬಳಿ ಸುತ್ತಿ, ಮುಚ್ಚಳ ತೆಗೆಯದೆ ಮೆಲ್ಲಗೆ ಆಡಿಸಿದೆ. ಇವತ್ತು 1.016. ಗುಳ್ಳೆ ಮಾತ್ರ ಈಗಲೂ ಒಂದೂ ಇಲ್ಲ.

ಗಸಿ:
ಮುಚ್ಚಳ ಸೋರ್ತಿದೆ. ಅಂಚಿಗೆ ಸೋಪಿನ ನೀರು ಸವರಿ, ಎಲ್ಲಿಂದ ಅಂತ ಗೊತ್ತಾಗುತ್ತೆ. 20–21 ಡಿಗ್ರಿಯಲ್ಲಿ ಹಿಡಿದಿಡಿ, ಅದಕ್ಕಿಂತ ಕಾಯಿಸಬೇಡಿ.

ಕಹಿಹೂವು:
ಇಳೀಲಿ. 1.013 ಆಸುಪಾಸು ಬಂದು, ಎರಡು ಮೂರು ದಿನ ಬಿಟ್ಟು ಅಳೆದಾಗಲೂ ಅದೇ ಅಂಕಿ ಬಂದರೆ ತುಂಬಿ. ಚಮಚ ಮರೆತುಬಿಡಿ. 20 ಲೀಟರಿಗೆ 120 ಗ್ರಾಂ ಸಕ್ಕರೆ ತೂಗಿ, ಸ್ವಲ್ಪ ನೀರಲ್ಲಿ ಕುದಿಸಿ ಆರಿಸಿ, ಶುಚಿ ಮಾಡಿದ ಇನ್ನೊಂದು ಬಕೆಟ್ಟಿನ ತಳಕ್ಕೆ ಹಾಕಿ, ಅದರ ಮೇಲೆ ಬಿಯರನ್ನು ಕೊಳವೆಯಲ್ಲಿ ಸದ್ದಿಲ್ಲದೆ ಇಳಿಸಿ. ತಳದ ಗಸಿ ಅಲ್ಲೇ ಇರಲಿ, 18–19 ಲೀಟರ್ ಮಾತ್ರ ಸಿಕ್ಕರೆ ಸಕ್ಕರೆಯನ್ನೂ ಲೀಟರಿಗೆ 6 ಗ್ರಾಂ ಲೆಕ್ಕದಲ್ಲಿ ಇಳಿಸಿಕೊಳ್ಳಿ. ಅಳೆಯೋಕೆ ತೆಗೆದಿದ್ದನ್ನು ವಾಪಸ್ ಬಕೆಟ್ಟಿಗೆ ಸುರಿಯಬೇಡಿ, ಕುಡೀರಿ. ಬ್ರೆಡ್ ಯೀಸ್ಟ್ ಹಾಕಿದ್ದನ್ನು ಮಾತ್ರ ಚೆಲ್ಲಿ.